ಮತ್ತಿನ ಮದ್ದು, ಮನೆಯ ಮಾತು

(ಹೈದರಾಬಾದಿನಲ್ಲಿ ಸಂಘದ ಸದಸ್ಯರ ಮುಂದೆ ಮಾಡಿದ ಆರೋಗ್ಯ ಭಾಷಣದ ಬರಹರೂಪ)



ರಾಜ್ಯೋತ್ಸವದ ದಿನಗಳಲ್ಲಿ ಭಾಷಣವೆಂದರೆ ನಾಡಿನ ಇತಿಹಾಸವನ್ನೋ ಕವಿಗಳನ್ನೋ ಕುರಿತು ಮಾತನಾಡುವುದು ವಾಡಿಕೆ. ಆದರೆ ಸಂಘದ ಕಾರ್ಯದರ್ಶಿಗಳು ಈ ಸಲ ಆರೋಗ್ಯದ ವಿಷಯವೊಂದನ್ನು ಸರಳವಾಗಿ ತಿಳಿಸಬೇಕೆಂದು ಕೇಳಿದರು. ಶಸ್ತ್ರಚಿಕಿತ್ಸೆಯ ವೇಳೆಯಲ್ಲಿ ರೋಗಿಗೆ ಕೊಡುವ ಮತ್ತಿನ ಮದ್ದುಗಳು ಯಾವುವು, ಅವು ಮೈಯಲ್ಲಿ ಮಾಡುವ ಕೆಲಸವೇನು, ಅವುಗಳಿಂದ ಅಪಾಯ ಬರುವುದು ಯಾವಾಗ ಎಂಬುದನ್ನು ಇವೊತ್ತಿನ ವಿಷಯವಾಗಿ ಆರಿಸಿಕೊಂಡಿದ್ದೇನೆ. ನಾಡುನುಡಿಗೂ ಇದಕ್ಕೂ ಏನು ಸಂಬಂಧವೆಂದು ನಿಮಗೆ ಅನಿಸಬಹುದು. ಸಂಬಂಧವುಂಟು, ಅದನ್ನು ಮುಂದೆ ಹೇಳುತ್ತೇನೆ.

ನಮ್ಮ ಮನೆಗಳಲ್ಲಿ ಯಾರಿಗಾದರೂ ಆಪರೇಷನ್ ಆಗಬೇಕೆಂದು ಗೊತ್ತಾದ ಕೂಡಲೆ ಹುಟ್ಟುವ ಹೆದರಿಕೆ ಎರಡು ಬಗೆಯದು. ಕೊಯ್ಯುವವರ ವಿಷಯದಲ್ಲಿ ಒಂದು, ಮತ್ತು ಬರಿಸುವವರ ವಿಷಯದಲ್ಲಿ ಇನ್ನೊಂದು. ಮೊದಲನೆಯದಕ್ಕೆ ನಾವು ಸಾಕಷ್ಟು ವಿಚಾರಣೆ ಮಾಡುತ್ತೇವೆ. ಡಾಕ್ಟರು ಯಾರು, ಅವರ ಕೈಗುಣ ಹೇಗೆ, ಹಿಂದೆ ಎಷ್ಟು ಜನಕ್ಕೆ ಮಾಡಿದ್ದಾರೆ ಎಂದು ಹತ್ತು ಕಡೆ ಕೇಳುತ್ತೇವೆ. ಎರಡನೆಯದರ ವಿಷಯದಲ್ಲಿ ಮಾತ್ರ ದೇವರ ಮೇಲೆ ಭಾರ ಹಾಕಿ ಸುಮ್ಮನಾಗುತ್ತೇವೆ. "ಮತ್ತು ಹೆಚ್ಚಾಗಿ ಎಚ್ಚರವೇ ಆಗದೆ ಹೋದರೆ?" ಎಂಬ ಪ್ರಶ್ನೆ ಮನಸ್ಸಿನಲ್ಲೇ ಉಳಿಯುತ್ತದೆ. ಕೇಳತಕ್ಕ ಪ್ರಶ್ನೆಯನ್ನು ಕೇಳುವುದಿಲ್ಲ, ಹೇಳತಕ್ಕ ಸಂಗತಿಯನ್ನು ಹೇಳುವುದಿಲ್ಲ.

ಇಂಗ್ಲಿಷಿನವರು ಅನಸ್ತೀಸಿಯಾ ಎನ್ನುವುದಕ್ಕೆ ಕನ್ನಡದಲ್ಲಿ ಅರಿವಳಿಕೆ ಎಂಬ ಸೊಗಸಾದ ಮಾತುಂಟು. ಅರಿವು ಅಳಿಯುವುದೇ ಅರಿವಳಿಕೆ. ಇದು ನಿದ್ರೆಯಲ್ಲ. ನಿದ್ರೆ ಮಾಡುವವನನ್ನು ಸೂಜಿಯಿಂದ ಚುಚ್ಚಿದರೆ ಅವನು ಎದ್ದು ಕೂರುತ್ತಾನೆ. ಅರಿವಳಿಕೆಯಲ್ಲಿರುವವನು ಹೊಟ್ಟೆ ಕೊಯ್ದರೂ ಏಳುವುದಿಲ್ಲ. ಇಂಥ ಸ್ಥಿತಿಯನ್ನು ಬೇಕೆಂದಾಗ ತರಿಸಿ, ಬೇಡವೆಂದಾಗ ತೊಲಗಿಸುವ ವಿದ್ಯೆ ಮನುಷ್ಯನಿಗೆ ಕೈವಶವಾಗಿ ಇನ್ನೂ ಇನ್ನೂರು ವರ್ಷಗಳೂ ಪೂರ್ತಿಯಾಗಿಲ್ಲ.

ಅದಕ್ಕೆ ಮೊದಲು ಏನಿತ್ತು? ನಮ್ಮ ಸುಶ್ರುತನು ನೋವು ತಾಳಲಾರದವರಿಗೆ ಶಸ್ತ್ರಕರ್ಮಕ್ಕೆ ಮುಂಚೆ ತೀಕ್ಷ್ಣವಾದ ಮದ್ಯವನ್ನು ಕುಡಿಸಬೇಕೆಂದು ಹೇಳಿದ್ದಾನೆ. ಯುರೋಪಿನಲ್ಲಿ ಅಫೀಮು ಮತ್ತು ಸಾರಾಯಿಯೇ ಗತಿ. ನಾಲ್ಕು ಮಂದಿ ರೋಗಿಯನ್ನು ಒತ್ತಿ ಹಿಡಿಯುವುದು, ಶಸ್ತ್ರವೈದ್ಯನು ಗಡಿಯಾರ ನೋಡಿಕೊಂಡು ಬೇಗ ಬೇಗ ಕೊಯ್ಯುವುದು, ಇದೇ ಪದ್ಧತಿ. ಜಪಾನಿನ ಹನಾವೋಕ ಸೇಯಿಷು ಎಂಬ ವೈದ್ಯನು ೧೮೦೪ರಲ್ಲಿ ಗಿಡಮೂಲಿಕೆಗಳ ಕಷಾಯವನ್ನು ಕುಡಿಸಿ, ಮತ್ತು ಬರಿಸಿ, ಸ್ತನದ ಗೆಡ್ಡೆಯನ್ನು ತೆಗೆದನು. ಆ ಕಷಾಯದಲ್ಲಿ ನಮ್ಮ ಉಮ್ಮತ್ತಿಯ ಜಾತಿಯ ಗಿಡವೂ ಇತ್ತು. ಆದರೆ ಜಪಾನು ಹೊರಜಗತ್ತಿಗೆ ಬಾಗಿಲು ಮುಚ್ಚಿದ್ದ ಕಾಲವಾದ್ದರಿಂದ ಆ ವಿದ್ಯೆ ಹರಡಲಿಲ್ಲ. ಹರಡಿದ್ದು ೧೮೪೬ರ ಅಕ್ಟೋಬರ್ ೧೬ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ನಡೆದ ಪ್ರಯೋಗ. ಮಾರ್ಟನ್ ಎಂಬ ದಂತವೈದ್ಯನು ಈಥರ್ ಆವಿಯನ್ನು ಕೊಟ್ಟನು, ವಾರನ್ ಎಂಬ ಹಿರಿಯ ಶಸ್ತ್ರವೈದ್ಯನು ರೋಗಿಯ ಕುತ್ತಿಗೆಯ ಗೆಡ್ಡೆಯ ಮೇಲೆ ಶಸ್ತ್ರಕ್ರಿಯೆ ನಡೆಸಿದನು, ರೋಗಿ ಕೂಗಲಿಲ್ಲ. ಮರುವರ್ಷವೇ ಕಲ್ಕತ್ತೆಯಲ್ಲಿಯೂ ಈಥರ್ ಬಳಕೆಗೆ ಬಂತು. ಅದೇ ೧೮೪೭ರ ನವೆಂಬರಿನಲ್ಲಿ ಎಡಿನ್‌ಬರೋ ನಗರದ ಸಿಂಪ್ಸನ್ ಕ್ಲೋರೋಫಾರ್ಮನ್ನು ಬಳಕೆಗೆ ತಂದನು. ಈಥರಿನಂತೆ ಅದಕ್ಕೆ ಉರಿ ಹತ್ತುವ ಭಯವಿಲ್ಲ, ವಾಸನೆಯೂ ಹಿತ, ಕೆಲಸವೂ ಬೇಗ. ಆದರೆ ಮೂರು ತಿಂಗಳೊಳಗೆ, ೧೮೪೮ರ ಜನವರಿಯಲ್ಲಿ, ಇಂಗ್ಲೆಂಡಿನಲ್ಲಿ ಕಾಲ್ಬೆರಳಿನ ಉಗುರು ತೆಗೆಸಿಕೊಳ್ಳಲು ಹೋದ ಹದಿನೈದು ವರ್ಷದ ಹುಡುಗಿ ಕ್ಲೋರೋಫಾರ್ಮಿನಿಂದ ತೀರಿಕೊಂಡಳು. ಉಗುರಿನ ಚಿಕಿತ್ಸೆಗೆ ಹೋದ ಜೀವ ಮರಳಿ ಬರಲಿಲ್ಲವೆಂದರೆ ಜನರಿಗೆ ಎಷ್ಟು ದಿಗಿಲಾಗಿರಬೇಡ!

ಈ ಸಾವುಗಳ ಕಾರಣವನ್ನು ಹುಡುಕುವ ಕೆಲಸದಲ್ಲಿ ನಾವು ಕುಳಿತಿರುವ ಈ ಊರಿನ ಹೆಸರು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಉಳಿದಿದೆ. ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳು ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಕಾಲ ಅದು. ಹೈದರಾಬಾದಿನ ವೈದ್ಯಶಾಲೆಯ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಲಾರಿ ಎಂಬವನು ಕ್ಲೋರೋಫಾರ್ಮಿನ ಕಟ್ಟಾ ಅಭಿಮಾನಿ. ಆರನೆಯ ನಿಜಾಮರಾದ ಮಹಬೂಬ್ ಅಲಿ ಖಾನರ ಧನಸಹಾಯದಿಂದ ೧೮೮೮ರಲ್ಲಿಯೂ ೧೮೮೯ರಲ್ಲಿಯೂ ಇಲ್ಲಿ ಎರಡು ಕ್ಲೋರೋಫಾರ್ಮ್ ಕಮಿಷನ್ನುಗಳು ನಡೆದವು. ಎರಡನೆಯದಕ್ಕೆ ಲಂಡನ್ನಿನ ಲ್ಯಾನ್ಸೆಟ್ ಪತ್ರಿಕೆ ಲಾಡರ್ ಬ್ರಂಟನ್ ಎಂಬ ಹೆಸರಾಂತ ವೈದ್ಯನನ್ನು ಕಳುಹಿಸಿತು. ಪ್ರಾಣಿಗಳ ಮೇಲೆ ನೂರಾರು ಪ್ರಯೋಗಗಳು ನಡೆದವು. ಕ್ಲೋರೋಫಾರ್ಮಿನಿಂದ ಮೊದಲು ನಿಲ್ಲುವುದು ಉಸಿರು, ಆಮೇಲೆ ಹೃದಯ. ಆದಕಾರಣ ಕೊಡುವವನು ಉಸಿರಿನ ಮೇಲೆ ಕಣ್ಣಿಟ್ಟರೆ ಸಾಕು, ನಾಡಿ ನೋಡಬೇಕಾಗಿಲ್ಲ ಎಂಬುದು ಅವರ ತೀರ್ಮಾನ. ಹೈದರಾಬಾದಿನಲ್ಲಿಯೇ ಓದಿದ ರೂಪಾಬಾಯಿ ಫರ್ದೂನ್‌ಜಿ ಎಂಬ ಮಹಿಳೆ ಇದೇ ಊರಿನಲ್ಲಿ ಕ್ಲೋರೋಫಾರ್ಮ್ ಕೊಡುವುದನ್ನೇ ವೃತ್ತಿಯಾಗಿ ಕೈಕೊಂಡರು. ಜಗತ್ತಿನಲ್ಲೇ ಈ ವೃತ್ತಿಯನ್ನು ಹಿಡಿದ ಮೊದಮೊದಲ ಹೆಂಗಸರಲ್ಲಿ ಅವರೊಬ್ಬರು.

ಉಸಿರಿನ ಮೇಲೆ ಕಣ್ಣಿಡಿ ಎಂಬ ಉಪದೇಶ ಬೆಲೆಯುಳ್ಳದ್ದೇ. ಆದರೆ ನಾಡಿಯನ್ನು ಬಿಡಿ ಎಂದದ್ದು ಸರಿಯಾಗಲಿಲ್ಲ. ೧೯೧೧ರಲ್ಲಿ ಗುಡ್‌ಮನ್ ಲೆವಿ ಎಂಬ ಇಂಗ್ಲಿಷ್ ವೈದ್ಯನು, ಕ್ಲೋರೋಫಾರ್ಮ್ ಕಡಿಮೆಯಾಗಿ ಕೊಟ್ಟಾಗಲೂ ಹೃದಯವು ಇದ್ದಕ್ಕಿದ್ದಂತೆ ತಾಳ ತಪ್ಪಿ ನಡುಗಿ ನಿಲ್ಲಬಹುದೆಂದು ತೋರಿಸಿದನು. ಇಂದು ಆಪರೇಷನ್ ಕೋಣೆಯಲ್ಲಿ ಕ್ಲೋರೋಫಾರ್ಮ್ ಇಲ್ಲ. ಆದರೆ ಆ ವಾದದಿಂದ ಸಿಕ್ಕ ಪಾಠ ಉಳಿದಿದೆ. ಮದ್ದು ಕೊಟ್ಟವನು ರೋಗಿಯನ್ನು ಬಿಟ್ಟು ಕದಲಬಾರದು. ಉಸಿರು, ನಾಡಿ, ರಕ್ತದ ಒತ್ತಡ, ರಕ್ತದಲ್ಲಿನ ಆಮ್ಲಜನಕ, ಇವೆಲ್ಲವನ್ನೂ ಕ್ಷಣಕ್ಷಣಕ್ಕೂ ನೋಡುತ್ತಿರಬೇಕು. ೨೦೨೦ರ ಕೋವಿಡ್ ಕಾಲದಲ್ಲಿ ನೀವೆಲ್ಲ ಬೆರಳಿಗೆ ಸಿಕ್ಕಿಸಿಕೊಂಡು ನೋಡುತ್ತಿದ್ದ ಆಕ್ಸಿಮೀಟರ್ ಎಂಬ ಪುಟ್ಟ ಯಂತ್ರವು ಅದಕ್ಕೂ ಬಹಳ ಮೊದಲಿನಿಂದಲೇ ಅರಿವಳಿಕೆ ವೈದ್ಯರ ಸಂಗಾತಿ.

ಇನ್ನು ಮದ್ದುಗಳ ವಿಷಯಕ್ಕೆ ಬರೋಣ. ಮತ್ತಿನ ಮದ್ದೆಂದರೆ ಯಾವುದೋ ಒಂದು ಬಲವಾದ ಮದ್ದು, ಅದನ್ನು ಹೆಚ್ಚು ಕೊಟ್ಟರೆ ಹೆಚ್ಚು ಹೊತ್ತು ಮತ್ತು, ಕಡಿಮೆ ಕೊಟ್ಟರೆ ಕಡಿಮೆ ಹೊತ್ತು ಎಂದು ಅನೇಕರ ಎಣಿಕೆ. ಈಥರಿನ ಕಾಲಕ್ಕೆ ಇದು ಸ್ವಲ್ಪ ಮಟ್ಟಿಗೆ ಸರಿಯಾಗಿತ್ತು. ಈಗ ಹಾಗಲ್ಲ. ಬರಿಯ ಉಪ್ಪಿನಿಂದ ಅಡಿಗೆಯಾಗುವುದಿಲ್ಲ. ಹುಳಿ, ಉಪ್ಪು, ಖಾರ ತಕ್ಕ ಪ್ರಮಾಣದಲ್ಲಿ ಕೂಡಬೇಕು. ಹಾಗೆಯೇ ಅರಿವನ್ನು ಅಳಿಸಲು ಒಂದು, ನೋವನ್ನು ತಡೆಯಲು ಒಂದು, ಸ್ನಾಯುಗಳನ್ನು ಸಡಿಲಿಸಲು ಒಂದು, ನಾಡಿಯನ್ನೂ ರಕ್ತದೊತ್ತಡವನ್ನೂ ಹದದಲ್ಲಿಡಲು ಮತ್ತೊಂದು, ಹೀಗೆ ಒಂದೊಂದು ಕೆಲಸಕ್ಕೆ ಒಂದೊಂದು ಮದ್ದು. ಪ್ರತಿಯೊಂದನ್ನೂ ಕಡಿಮೆ ಪ್ರಮಾಣದಲ್ಲಿ ಕೊಟ್ಟು ಕೆಲಸ ಸಾಧಿಸುವುದರಿಂದ ಒಟ್ಟು ಅಪಾಯ ಕಡಿಮೆಯಾಗುತ್ತದೆ.

ಅರಿವನ್ನು ಅಳಿಸುವ ಮದ್ದುಗಳಲ್ಲಿ ಇಂದು ಮುಖ್ಯವಾದದ್ದು ಪ್ರೊಪೊಫಾಲ್. ನೋಡಲು ಹಾಲಿನಂತೆ ಬೆಳ್ಳಗಿರುತ್ತದೆ. ೧೯೮೦ರ ದಶಕದಲ್ಲಿ ಬಳಕೆಗೆ ಬಂತು. ರಕ್ತನಾಳಕ್ಕೆ ಕೊಡುವಾಗ ಕೈ ಸ್ವಲ್ಪ ಉರಿಯುತ್ತದೆ. ಒಂದು ನಿಮಿಷದೊಳಗಾಗಿ ಅರಿವು ಹೋಗುತ್ತದೆ. ಒಂದೇ ಸಲ ಕೊಟ್ಟರೆ ಹತ್ತು ನಿಮಿಷದೊಳಗೆ ಎಚ್ಚರವಾಗುತ್ತದೆ. ಏಕೆಂದರೆ ಮದ್ದು ಮಿದುಳನ್ನು ಬಿಟ್ಟು ಮೈಯ ಬೇರೆ ಭಾಗಗಳಿಗೆ ಹಂಚಿಹೋಗುತ್ತದೆ. ಇದರ ದೋಷವೆಂದರೆ ರಕ್ತದೊತ್ತಡವನ್ನು ಇಳಿಸುವುದು, ಉಸಿರನ್ನು ಕೆಲವು ಕ್ಷಣ ನಿಲ್ಲಿಸುವುದು. ಆದ್ದರಿಂದಲೇ ಉಸಿರು ಕೊಡಬಲ್ಲ ಕೈಗಳಿಲ್ಲದ ಕಡೆ ಇದನ್ನು ಬಳಸಕೂಡದು. ಕೆಟಮಿನ್ ಎಂಬುದು ಇನ್ನೊಂದು. ೧೯೬೨ರಲ್ಲಿ ತಯಾರಾದ ಈ ಮದ್ದು ಅರಿವನ್ನೂ ನೋವನ್ನೂ ಒಟ್ಟಿಗೆ ತೆಗೆಯುತ್ತದೆ. ಉಸಿರನ್ನೂ ರಕ್ತದೊತ್ತಡವನ್ನೂ ಅಷ್ಟಾಗಿ ಕೆಡಿಸುವುದಿಲ್ಲ. ಅಪಘಾತದಲ್ಲಿ ರಕ್ತ ಸೋರಿಹೋದವರಿಗೂ, ಹೆಚ್ಚಿನ ಸೌಕರ್ಯವಿಲ್ಲದ ಆಸ್ಪತ್ರೆಗಳಿಗೂ ಇದು ವರದಾನ. ಎಚ್ಚರವಾಗುವಾಗ ಮಾತ್ರ ಕೆಲವರು ವಿಚಿತ್ರ ಕನಸು ಕಂಡು ಬೆಚ್ಚುತ್ತಾರೆ. ಮಿಡಜೋಲಮ್ ಎಂಬುದು ದಿಗಿಲನ್ನು ತಗ್ಗಿಸಿ, ಆ ಹೊತ್ತಿನ ನೆನಪನ್ನು ಅಳಿಸುತ್ತದೆ. ಶಸ್ತ್ರಕ್ರಿಯೆ ನಡೆಯುವಷ್ಟು ಹೊತ್ತೂ ಅರಿವು ಮರಳದಂತೆ ಹಿಡಿದಿಡಲು ಸೆವೋಫ್ಲೂರೇನ್, ಐಸೋಫ್ಲೂರೇನ್ ಮೊದಲಾದ ಆವಿಗಳನ್ನು ಆಮ್ಲಜನಕದ ಜೊತೆ ಉಸಿರಿನಲ್ಲಿ ಕೊಡುತ್ತಾರೆ. ಕೊಡುವುದನ್ನು ನಿಲ್ಲಿಸಿದರೆ ಬಂದ ದಾರಿಯಲ್ಲಿಯೇ, ಎಂದರೆ ಉಸಿರಿನಲ್ಲಿಯೇ, ಬಹುಪಾಲು ಹೊರಗೆ ಹೋಗುತ್ತವೆ. ಮತ್ತಿನ ಮದ್ದು ವರ್ಷಗಟ್ಟಲೆ ಮೈಯಲ್ಲಿ ಉಳಿಯುತ್ತದೆಂಬ ಮಾತಿಗೆ ಆಧಾರವಿಲ್ಲ.

ನೋವನ್ನು ತಡೆಯುವ ಮದ್ದುಗಳಲ್ಲಿ ಅಫೀಮಿನಿಂದ ಬಂದ ಮಾರ್ಫಿನ್ ಹಳೆಯದು. ಕಾರ್ಖಾನೆಯಲ್ಲಿ ತಯಾರಾಗುವ ಫೆಂಟನಿಲ್ ೧೯೬೦ರ ಸುಮಾರಿನದು. ಫೆಂಟನಿಲ್ಲಿನ ಬಲ ಮಾರ್ಫಿನ್ನಿಗಿಂತ ಸುಮಾರು ನೂರು ಪಾಲು; ಆದಕಾರಣ ಅದನ್ನು ಅಳೆಯುವುದು ಮೈಕ್ರೋಗ್ರಾಮಿನ ಲೆಕ್ಕದಲ್ಲಿ. ಇವು ನೋವಿನ ಜೊತೆಗೆ ಉಸಿರಿನ ವೇಗವನ್ನೂ ಇಳಿಸುತ್ತವೆ. ವಾಕರಿಕೆ, ಮೈ ತುರಿಕೆ ತರುತ್ತವೆ. ಆಪರೇಷನ್ ಆದಮೇಲೆ ರೋಗಿಯನ್ನು ಸ್ವಲ್ಪ ಹೊತ್ತು ಬೇರೆ ಕೋಣೆಯಲ್ಲಿಟ್ಟು ನೋಡಿಕೊಳ್ಳುವುದು ಇದಕ್ಕೇ. "ಮಗನನ್ನು ನಮ್ಮ ಕಣ್ಣಿಗೆ ಏಕೆ ತೋರಿಸುತ್ತಿಲ್ಲ?" ಎಂದು ಬಾಗಿಲಲ್ಲಿ ಗದ್ದಲ ಮಾಡುವ ಮುಂಚೆ ಇದನ್ನು ನೆನೆಯಬೇಕು.

ಸ್ನಾಯುಗಳನ್ನು ಸಡಿಲಿಸುವ ಮದ್ದುಗಳ ಕತೆ ದಕ್ಷಿಣ ಅಮೆರಿಕದ ಕಾಡಿನಿಂದ ಬಂದದ್ದು. ಅಲ್ಲಿನ ಬೇಟೆಗಾರರು ಬಾಣದ ತುದಿಗೆ ಕ್ಯುರಾರೆ ಎಂಬ ವಿಷವನ್ನು ಹಚ್ಚುತ್ತಿದ್ದರು. ಅದು ತಗುಲಿದ ಪ್ರಾಣಿ ಮೈ ಸಡಿಲವಾಗಿ, ಉಸಿರಾಡಲಾರದೆ ಬೀಳುತ್ತಿತ್ತು. ೧೯೪೨ರ ಜನವರಿಯಲ್ಲಿ ಕೆನಡದ ಮಾಂಟ್ರಿಯಲ್ ನಗರದಲ್ಲಿ ಗ್ರಿಫಿತ್ ಮತ್ತು ಜಾನ್ಸನ್ ಎಂಬ ವೈದ್ಯರು ಅದರ ಸತ್ತ್ವವನ್ನು ಶಸ್ತ್ರಚಿಕಿತ್ಸೆಯಲ್ಲಿ ಬಳಸಿದರು. ಹೊಟ್ಟೆಯ ಸ್ನಾಯುಗಳು ಬಿಗಿಯಾಗಿದ್ದರೆ ಒಳಗೆ ಕೆಲಸ ಮಾಡುವುದು ಕಷ್ಟ. ಮೊದಲು ಅವನ್ನು ಸಡಿಲಿಸಲು ಈಥರನ್ನು ಅಪಾಯದ ಮಟ್ಟಕ್ಕೆ ಕೊಡಬೇಕಾಗಿತ್ತು; ಈ ಮದ್ದು ಬಂದಮೇಲೆ ಆ ಕಷ್ಟ ತಪ್ಪಿತು. ಈಗ ವೆಕ್ಯುರೋನಿಯಮ್, ಅಟ್ರಾಕ್ಯೂರಿಯಮ್ ಮುಂತಾದ ಹೊಸ ಮದ್ದುಗಳಿವೆ. ಇವು ನೋವನ್ನೂ ತೆಗೆಯುವುದಿಲ್ಲ, ಅರಿವನ್ನೂ ಅಳಿಸುವುದಿಲ್ಲ, ಉಸಿರಾಡುವ ಸ್ನಾಯುಗಳನ್ನೂ ಬಿಡುವುದಿಲ್ಲ. ಆದಕಾರಣ ಗಂಟಲೊಳಗೆ ಕೊಳವೆಯಿಟ್ಟು ಯಂತ್ರದಿಂದ ಉಸಿರು ಕೊಡಬೇಕು. ಮರುದಿನ ಗಂಟಲು ನೋಯುವುದು ಆ ಕೊಳವೆಯಿಂದ. ಕೆಲಸ ಮುಗಿದಮೇಲೆ ನಿಯೋಸ್ಟಿಗ್ಮಿನ್ ಎಂಬ ಮಾರುಮದ್ದನ್ನು ಕೊಟ್ಟು ಸ್ನಾಯುಗಳಿಗೆ ಬಲ ಬರಿಸುತ್ತಾರೆ. ಅದರಿಂದ ನಾಡಿ ತೀರ ನಿಧಾನವಾಗದಂತೆ ಅಟ್ರೋಪಿನ್ ಅಥವಾ ಅದರ ಬಂಧುವೊಂದನ್ನು ಜೊತೆಗೂಡಿಸುತ್ತಾರೆ. ಈ ಅಟ್ರೋಪಿನ್ ಎಂಬುದು ನಾನು ಆಗಲೇ ಹೇಳಿದ ಉಮ್ಮತ್ತಿಯಲ್ಲಿಯೂ ಇರುವ ಸತ್ತ್ವ. ಹಿತ್ತಲಿನಲ್ಲಿ ಬೆಳೆದ ಆ ಗಿಡದ ಕಾಯಿಯನ್ನು ಮಕ್ಕಳು ಮುಟ್ಟದಂತೆ ನಾವು ಕಾಯುತ್ತೇವೆ. ಅದರ ಸತ್ತ್ವವೇ ಅಳತೆಯಲ್ಲಿ ಕೊಟ್ಟಾಗ ಹೃದಯವನ್ನು ಕಾಯುತ್ತದೆ.

ಇಲ್ಲಿಗೆ ಮದ್ದಿನ ಒಂದು ಮುಖವಾಯಿತು. ಇನ್ನೊಂದು ಮುಖ ಮೈಯದು. ಒಂದೇ ಮದ್ದು ಎಲ್ಲರ ಮೈಯಲ್ಲಿಯೂ ಒಂದೇ ಬಗೆಯಾಗಿ ನಡೆದುಕೊಳ್ಳುವುದಿಲ್ಲ. ಎರಡು ಉದಾಹರಣೆ ಕೊಡುತ್ತೇನೆ.

ಸಕ್ಸಿನೈಲ್‌ಕೋಲಿನ್ ಎಂಬ ಸ್ನಾಯು ಸಡಿಲಿಸುವ ಮದ್ದು ತುರ್ತಿನ ಹೊತ್ತಿಗೆ ಬಹಳ ಉಪಯುಕ್ತ. ಒಂದು ನಿಮಿಷದೊಳಗೆ ಕೆಲಸ ಮಾಡಿ, ಐದು ಹತ್ತು ನಿಮಿಷಗಳಲ್ಲಿ ಇಳಿದುಹೋಗುತ್ತದೆ. ಯಕೃತ್ತಿನಲ್ಲಿ ತಯಾರಾಗಿ ರಕ್ತದಲ್ಲಿ ಸೇರುವ ಒಂದು ಕಿಣ್ವವು ಅದನ್ನು ಒಡೆದುಹಾಕುತ್ತದೆ. ಕೆಲವರಿಗೆ ಹುಟ್ಟಿನಿಂದಲೇ ಈ ಕಿಣ್ವ ಇರುವುದಿಲ್ಲ. ಅಂಥವರಿಗೆ ಹತ್ತು ನಿಮಿಷದ ಮದ್ದು ಗಂಟೆಗಟ್ಟಲೆ ನಿಲ್ಲುತ್ತದೆ; ಅಷ್ಟು ಹೊತ್ತೂ ಯಂತ್ರವೇ ಉಸಿರು ಕೊಡಬೇಕು. ತೆಲುಗು, ತಮಿಳು, ಕನ್ನಡ ನಾಡುಗಳಲ್ಲಿ ಹರಡಿರುವ ಆರ್ಯವೈಶ್ಯ ಸಮಾಜದ ಮನೆತನಗಳಲ್ಲಿ ಈ ಕೊರತೆ ಇತರರಿಗಿಂತ ಹೆಚ್ಚಾಗಿ ಕಾಣುತ್ತದೆಂದು ವಿದ್ವಾಂಸರು ಕಂಡುಕೊಂಡಿದ್ದಾರೆ. ಅದಕ್ಕೆ ಕಾರಣವಾದ ವಂಶವಾಹಿಯ ವ್ಯತ್ಯಾಸವನ್ನು ೨೦೦೬ರಲ್ಲಿ ಪ್ರಕಟಿಸಿದರು. ಇದು ರೋಗವಲ್ಲ, ಕಳಂಕವಂತೂ ಅಲ್ಲ. ಇಂಥವರು ನೂರು ವರ್ಷ ಬದುಕಿದರೂ, ಆ ಒಂದು ಮದ್ದಿನ ಗೊಡವೆಗೆ ಹೋಗದಿದ್ದರೆ, ಗೊತ್ತೇ ಆಗುವುದಿಲ್ಲ. ಬೇರೆ ಸಮಾಜಗಳಲ್ಲಿಯೂ ಅಲ್ಲಲ್ಲಿ ಇಂಥ ಮನೆತನಗಳುಂಟು. "ನಮ್ಮ ದೊಡ್ಡಪ್ಪನಿಗೆ ಆಪರೇಷನ್ ಆದಮೇಲೆ ಬಹಳ ಹೊತ್ತು ಉಸಿರೇ ಬರಲಿಲ್ಲವಂತೆ" ಎಂಬ ಒಂದು ಮಾತು ಮನೆಯಲ್ಲಿ ಉಳಿದಿದ್ದರೆ, ಆ ಮಾತು ವೈದ್ಯರ ಕಿವಿಗೆ ಬಿದ್ದರೆ, ಅವರು ಬೇರೆ ಮದ್ದನ್ನು ಆರಿಸುತ್ತಾರೆ. ಬಿಕ್ಕಟ್ಟು ಅಷ್ಟಕ್ಕೇ ತಪ್ಪುತ್ತದೆ.

ಎರಡನೆಯ ಉದಾಹರಣೆ ಆಸ್ಟ್ರೇಲಿಯದ್ದು. ೧೯೬೦ರಲ್ಲಿ ಮೆಲ್ಬೋರ್ನ್ ನಗರದಲ್ಲಿ ಕಾಲು ಮುರಿದುಕೊಂಡ ತರುಣನೊಬ್ಬನು ಆಸ್ಪತ್ರೆಗೆ ಬಂದನು. ಅವನಿಗೆ ಕಾಲಿನ ಚಿಂತೆಗಿಂತ ಮತ್ತಿನ ಮದ್ದಿನ ಚಿಂತೆಯೇ ಹೆಚ್ಚು. ತನ್ನ ಬಂಧುಗಳಲ್ಲಿ ಹತ್ತು ಮಂದಿ ಈಥರ್ ತೆಗೆದುಕೊಂಡಾಗ ತೀರಿಕೊಂಡರೆಂದು ಅವನು ವೈದ್ಯರಿಗೆ ಹೇಳಿದನು. ವೈದ್ಯರು ಈಥರನ್ನು ಬಿಟ್ಟು ಆಗ ಹೊಸದಾಗಿದ್ದ ಹಾಲೋಥೇನನ್ನು ಎಚ್ಚರಿಕೆಯಿಂದ ಕೊಟ್ಟರು. ಸ್ವಲ್ಪ ಹೊತ್ತಿನಲ್ಲೇ ಮೈ ಕಾದು ರಕ್ತದೊತ್ತಡ ಕುಸಿಯಿತು. ಮೊದಲೇ ಕಿವಿಗೆ ಬಿದ್ದ ಮಾತಿದ್ದುದರಿಂದ ಕೂಡಲೆ ಮದ್ದನ್ನು ನಿಲ್ಲಿಸಿ, ಮೈಗೆ ಮಂಜುಗಡ್ಡೆಯಿಟ್ಟು ಉಳಿಸಿಕೊಂಡರು. ಡೆನ್‌ಬರೋ ಮತ್ತು ಲವೆಲ್ ಎಂಬ ವೈದ್ಯರು ಆ ವರ್ಷವೇ ಇದನ್ನು ಪ್ರಕಟಿಸಿದರು. ವಂಶಪಾರಂಪರ್ಯವಾಗಿ ಬರುವ ಈ ವಿಪರೀತ ಜ್ವರಕ್ಕೆ ಈಗ ಡಾಂಟ್ರೊಲಿನ್ ಎಂಬ ಮದ್ದುಂಟು. ಆದರೆ ಅಂದು ಆ ಜೀವವನ್ನು ಉಳಿಸಿದ್ದು ರೋಗಿಯ ಬಾಯಿಂದ ಬಂದ ಒಂದು ಮಾತು, ಅದನ್ನು ತಳ್ಳಿಹಾಕದೆ ಕೇಳಿದ ವೈದ್ಯರ ಕಿವಿ.

ಪೂರ್ತಿ ಅರಿವಳಿಸದೆ ಮೈಯ ಒಂದು ಭಾಗವನ್ನು ಮಾತ್ರ ಮರಗಟ್ಟಿಸುವ ಪದ್ಧತಿಯೂ ಉಂಟು. ಹಲ್ಲು ಕೀಳುವಾಗ ಕೊಡುವ ಲಿಗ್ನೋಕೇನ್ ನಿಮಗೆಲ್ಲ ಪರಿಚಿತ. ೧೮೮೪ರಲ್ಲಿ ವಿಯೆನ್ನದ ಕೊಲ್ಲರ್ ಎಂಬ ವೈದ್ಯನು ಕೊಕೇನ್ ದ್ರಾವಣದಿಂದ ಕಣ್ಣನ್ನು ಮರಗಟ್ಟಿಸಿದ್ದು ಇದಕ್ಕೆ ಮೊದಲು. ೧೮೯೮ರಲ್ಲಿ ಜರ್ಮನಿಯ ಬಿಯರ್ ಬೆನ್ನಿನ ಮೂಲಕ ಕೊಡುವ ಪದ್ಧತಿಯನ್ನು ತಂದು, ತನ್ನ ಮೇಲೂ ಪ್ರಯೋಗ ಮಾಡಿಸಿಕೊಂಡು, ಹಲವು ದಿನ ತಲೆನೋವಿನಿಂದ ಮಲಗಿದನು. ಬೆನ್ನಿನೊಳಗಿನ ದ್ರವ ಸೂಜಿಯ ತೂತಿನಿಂದ ಸೋರಿದರೆ ಆ ತಲೆನೋವು ಬರುತ್ತದೆ. ಈಗಿನ ಕೂದಲೆಳೆಯಂಥ ಸೂಜಿಗಳಿಂದ ಅದು ಬಹಳ ಕಡಿಮೆಯಾಗಿದೆ. ಬೆನ್ನಹುರಿ ಮುಗಿದ ಜಾಗಕ್ಕಿಂತ ಕೆಳಗೆ ಸೂಜಿ ಹಾಕುವುದರಿಂದ ಹುರಿಗೆ ಏಟಾಗುವ ಸಂಭವ ತೀರ ವಿರಳ. ಹೆರಿಗೆಯ ಆಪರೇಷನ್ನಿನಲ್ಲಿ ಬೆನ್ನಿಗೆ ಕೊಟ್ಟ ಇಂಜೆಕ್ಷನ್ನಿನಿಂದಲೇ ಜನ್ಮವಿಡೀ ಬೆನ್ನುನೋವು ಬಂತೆಂದು ತಾಯಂದಿರು ಹೇಳುವುದನ್ನು ಕೇಳುತ್ತೇವೆ. ಸೂಜಿ ಚುಚ್ಚಿದ ಜಾಗ ನಾಲ್ಕು ದಿನ ನೋಯಬಹುದು. ವರ್ಷಗಟ್ಟಲೆ ಉಳಿಯುವ ನೋವಿಗೆ ಬಸುರಿನಲ್ಲಿ ಸೊಂಟದ ಮೇಲೆ ಬಿದ್ದ ಭಾರ, ಕೂಸನ್ನು ಎತ್ತಿ ಬಾಗುವ ಕೆಲಸ, ವಿಶ್ರಾಂತಿಯಿಲ್ಲದಿರುವುದು ಕಾರಣವೆಂದು ತಿಳಿಯಬೇಕು.

ಇಷ್ಟು ತಿಳಿದಮೇಲೆ ನಮ್ಮ ಕರ್ತವ್ಯವೇನು? ಮೊದಲನೆಯದು ಉಪವಾಸ. ಅರಿವಳಿದಾಗ ಕೆಮ್ಮುವ, ನುಂಗುವ ಶಕ್ತಿ ಇರುವುದಿಲ್ಲ. ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಪ್ರಾಣಕ್ಕೆ ಸಂಚಕಾರ. ದೊಡ್ಡವರಿಗೆ ಸಾಮಾನ್ಯ ನಿಯಮವೆಂದರೆ ಎಣ್ಣೆ ತುಪ್ಪದ ಊಟಕ್ಕೆ ಎಂಟು ಗಂಟೆ, ಇಡ್ಲಿಯಂಥ ಹಗುರ ತಿಂಡಿಗೂ ಹಾಲಿಗೂ ಆರು ಗಂಟೆ, ಬರಿಯ ನೀರಿಗೆ ಎರಡು ಗಂಟೆ. ಕೂಸುಗಳಿಗೆ ಎದೆಹಾಲು ಬಿಡಿಸಿ ನಾಲ್ಕು ಗಂಟೆ. ನಿಮ್ಮ ವೈದ್ಯರು ಬೇರೆ ಹೇಳಿದರೆ ಅವರ ಮಾತೇ ನಡೆಯತಕ್ಕದ್ದು. ಇಲ್ಲಿ ನಮ್ಮವರು ಮಾಡುವ ತಪ್ಪೊಂದುಂಟು. "ಏನೂ ತಿನ್ನಬೇಡಿ" ಎಂದರೆ ತಿನ್ನುವುದಿಲ್ಲ. ಆದರೆ ಬೆಳಗಿನ ಕಾಫಿ ನಮ್ಮ ಲೆಕ್ಕಕ್ಕೆ ತಿನಿಸಲ್ಲ! ಹಾಲು ಬೆರೆತ ಕಾಫಿ ಹಾಲಿನ ಲೆಕ್ಕಕ್ಕೇ ಸೇರಿದ್ದು, ಮಜ್ಜಿಗೆಯೂ ಹಾಗೆಯೇ. ಅಜ್ಜಿಗೆ ತಲೆನೋವು ಬರುತ್ತದೆಂದು ಕನಿಕರಪಟ್ಟು ಗುಟ್ಟಾಗಿ ಅರ್ಧ ಲೋಟ ಕೊಡುವ ಸೊಸೆ ಅಜ್ಜಿಗೆ ಉಪಕಾರ ಮಾಡಿದಂತಾಗಲಿಲ್ಲ. ಕುಡಿದಿದ್ದರೆ ಹೇಳಿಬಿಡಬೇಕು, ಆಪರೇಷನ್ ಆರು ಗಂಟೆ ಮುಂದೆ ಹೋದರೆ ನಷ್ಟವಿಲ್ಲ.

ಎರಡನೆಯದು ಇದ್ದದ್ದನ್ನು ಇದ್ದಂತೆ ಹೇಳುವುದು. ನಿತ್ಯ ತೆಗೆದುಕೊಳ್ಳುವ ಗುಳಿಗೆಗಳ ಹೆಸರು ಬೇಕು. ರಕ್ತ ತೆಳುವಾಗಿಸುವ ಗುಳಿಗೆಯಿದ್ದರೆ ಬೆನ್ನಿಗೆ ಸೂಜಿ ಹಾಕಿದಾಗ ಒಳಗೆ ರಕ್ತ ಕಟ್ಟಬಹುದು. ಸಕ್ಕರೆ ಕಾಯಿಲೆಗೂ ತೂಕ ಇಳಿಸುವುದಕ್ಕೂ ವಾರಕ್ಕೊಮ್ಮೆ ಚುಚ್ಚಿಕೊಳ್ಳುವ ಹೊಸ ಇಂಜೆಕ್ಷನ್ನುಗಳು ಊಟವನ್ನು ಹೊಟ್ಟೆಯಲ್ಲಿಯೇ ಬಹಳ ಹೊತ್ತು ನಿಲ್ಲಿಸುತ್ತವೆ. ನಾಟಿ ಔಷಧ, ಲೇಹ್ಯ, ಚೂರ್ಣಗಳನ್ನೂ ಬಿಡದೆ ಹೇಳಬೇಕು. ಅಲ್ಲಾಡುವ ಹಲ್ಲು, ಕಟ್ಟಿಸಿದ ಹಲ್ಲು ಹೇಳಬೇಕು. ಕುಡಿತವಿದ್ದರೆ ಮದ್ದಿನ ಅಳತೆಯೇ ಬೇರೆಯಾಗುತ್ತದೆ. ಬೀಡಿ ಸಿಗರೇಟಿನವರ ಶ್ವಾಸಕೋಶದಲ್ಲಿ ಕಫ ಹೆಚ್ಚು. ಬಹುಕಾಲ ಅಡಿಕೆ, ಗುಟ್ಕಾ ಅಗಿದವರ ಕೆನ್ನೆಯ ಒಳಚರ್ಮ ಗಡುಸಾಗಿ ಬಾಯಿ ಎರಡು ಬೆರಳಿನಷ್ಟೂ ತೆರೆಯದೆ ಹೋಗುವುದುಂಟು. ಅರಿವಳಿದಮೇಲೆ ಇದು ಗೊತ್ತಾದರೆ ಉಸಿರಿನ ಕೊಳವೆ ಇಡುವುದು ಹೇಗೆ? ಮೊದಲೇ ಗೊತ್ತಾದರೆ ಬೇರೆ ಉಪಾಯಗಳುಂಟು.

ಸ್ನೇಹಿತರೆ, ನುಡಿಯ ಸಂಬಂಧ ಬಂದದ್ದು ಇಲ್ಲಿಯೇ. ಊರಿನಿಂದ ತಾಯಿಯನ್ನೋ ಮಾವನನ್ನೋ ಚಿಕಿತ್ಸೆಗೆಂದು ಈ ನಗರಕ್ಕೆ ಕರೆತರುತ್ತೇವೆ. ಕಲಬುರ್ಗಿ, ಬೀದರ್, ರಾಯಚೂರಿನ ಕಡೆಯಿಂದ ಈಗಲೂ ಎಷ್ಟೋ ಕುಟುಂಬಗಳು ಹೈದರಾಬಾದಿನ ಆಸ್ಪತ್ರೆಗಳನ್ನೇ ನಂಬಿ ಬರುತ್ತವೆ. ಅರಿವಳಿಕೆ ವೈದ್ಯರು ಹಿಂದಿನ ದಿನ ಬಂದು ತೆಲುಗಿನಲ್ಲೋ ಹಿಂದಿಯಲ್ಲೋ ಕೇಳುತ್ತಾರೆ. ತಾಯಿ ಮಗನ ಮುಖ ನೋಡುತ್ತಾರೆ. ಮಗ ತಾಯಿಯನ್ನು ಕೇಳದೆಯೇ, "ಏನೂ ಇಲ್ಲ ಡಾಕ್ಟರೆ, ಅಮ್ಮ ಗಟ್ಟಿಮುಟ್ಟಾಗಿದ್ದಾರೆ" ಎಂದುಬಿಡುತ್ತಾನೆ. ಎಲೆಯಡಿಕೆಯ ಜೊತೆ ತಂಬಾಕು ಹಾಕುವುದು ಮಗನಿಗೆ ಗೊತ್ತಿಲ್ಲ. ಸೊಸೆಯ ಮುಂದೆ ಹೇಳಲು ತಾಯಿಗೆ ಸಂಕೋಚ. ಮಾವನವರು ಸಂಜೆ ಕುಡಿಯುವ ವಿಷಯ ಮನೆಗೆಲ್ಲ ಗೊತ್ತು. ಹೇಳಿದರೆ ಮರ್ಯಾದೆ ಹೋಗುತ್ತದೆ. ಗೊತ್ತಿದ್ದರೂ ಮಾತು ತಪ್ಪುವುದುಂಟು. "ಎದೆಯುರಿ" ಎಂದು ತಾಯಿ ಹೇಳಿದ್ದನ್ನು "ಎದೆನೋವು" ಎಂದು ಹೇಳಿದರೆ ವೈದ್ಯರು ಹೃದಯವನ್ನು ಹುಡುಕುತ್ತಾರೆ. ನಿಜವಾದ ಎದೆನೋವನ್ನು "ಗ್ಯಾಸು" ಎಂದು ಹೇಳಿದರೆ ಹುಡುಕಬೇಕಾದ್ದನ್ನೇ ಬಿಡುತ್ತಾರೆ. ಮದ್ದು ಸರಿ, ಯಂತ್ರ ಸರಿ, ವೈದ್ಯರು ಸರಿ. ನಡುವೆ ಮಾತೊಂದು ದಾಟಿ ಬರಲಿಲ್ಲ. ಅದರ ಬೆಲೆಯನ್ನು ತೆರುವವರು ಮೇಜಿನ ಮೇಲೆ ಮಲಗಿದವರು.

ಎಚ್ಚರವಾದಮೇಲೂ ನುಡಿಯ ಕೆಲಸ ಮುಗಿಯುವುದಿಲ್ಲ. ವಯಸ್ಸಾದವರಲ್ಲಿ ಕೆಲವರಿಗೆ ಆಪರೇಷನ್ ಆದ ಒಂದೆರಡು ದಿನ ಮನಸ್ಸು ಕಲಕಿ, ಹಗಲು ರಾತ್ರಿ ತಿಳಿಯದೆ, ಬಡಬಡಿಸುವುದುಂಟು. ಬಹುಮಟ್ಟಿಗೆ ಕೆಲವು ದಿನಗಳಲ್ಲಿ ಇಳಿಯುತ್ತದೆ. ಹುಚ್ಚೆಂದು ಹೆದರಬೇಕಾಗಿಲ್ಲ, ಆದರೆ ವೈದ್ಯರಿಗೆ ತಿಳಿಸಲೇಬೇಕು. ಇದಕ್ಕೆ ಮದ್ದಿಗಿಂತ ದೊಡ್ಡ ಉಪಚಾರವೆಂದರೆ ಕನ್ನಡಕವನ್ನು ಕಣ್ಣಿಗೆ ಹಾಕುವುದು, ಕಿವಿಯ ಯಂತ್ರವನ್ನು ಕಿವಿಗೆ ಕೊಡುವುದು, ಪರಿಚಿತ ಮುಖವೊಂದು ಹತ್ತಿರವಿರುವುದು. ತಿಳಿಯದ ಭಾಷೆಯಲ್ಲಿ ನರ್ಸಮ್ಮ ಎಷ್ಟು ಪ್ರೀತಿಯಿಂದ ಮಾತಾಡಿದರೂ ಆ ಮುದಿಜೀವಕ್ಕೆ ದಿಗಿಲೇ. "ಅವ್ವಾ, ಇದು ಆಸ್ಪತ್ರೆ, ಆಪರೇಷನ್ ಮುಗೀತು, ನಾನಿಲ್ಲೇ ಅದೀನಿ" ಎಂದು ತನ್ನ ಮಾತಿನಲ್ಲಿ ಯಾರಾದರೂ ಹೇಳಿದರೆ ಮನಸ್ಸು ನೆಲೆಗೆ ಬರಲು ದಾರಿಯಾಗುತ್ತದೆ.

ಆದ್ದರಿಂದ ಸಂಘದ ಮುಂದೆ ಒಂದು ಸಣ್ಣ ಸೂಚನೆಯನ್ನಿಡುತ್ತೇನೆ. ಪ್ರತಿ ಮನೆಯಲ್ಲಿಯೂ ಹಿರಿಯರ ಹೆಸರಿನಲ್ಲಿ ಒಂದೊಂದು ಹಾಳೆ ಬರೆದಿಡೋಣ. ಒಂದು ಮಗ್ಗುಲಿಗೆ ಕನ್ನಡ, ಇನ್ನೊಂದು ಮಗ್ಗುಲಿಗೆ ಇಂಗ್ಲಿಷು. ಹಿಂದೆ ಆದ ಆಪರೇಷನ್ನುಗಳು, ಆಗ ಬಂದ ತೊಂದರೆ, ಮನೆತನದಲ್ಲಿ ಯಾರಿಗಾದರೂ ಮತ್ತಿನ ಮದ್ದಿನಿಂದ ಆದ ಕಷ್ಟ, ಒಗ್ಗದ ಔಷಧ, ದಿನದ ಗುಳಿಗೆಗಳು, ಉಬ್ಬಸ, ಮೂರ್ಛೆ, ಸಕ್ಕರೆ, ಎದೆಯ ಕಾಯಿಲೆ, ಹಲ್ಲು, ತಂಬಾಕು, ಕುಡಿತ. ತುಂಬುವಾಗ ಹಿರಿಯರನ್ನು ಒಬ್ಬರನ್ನೇ ಕೂರಿಸಿಕೊಂಡು, ಗೌರವದಿಂದ, ಅವರದೇ ಮಾತಿನಲ್ಲಿ ಕೇಳಬೇಕು. ಸಭೆ ಸೇರಿಸಿ ಕೇಳಬಾರದು. ಒಬ್ಬಂಟಿಯಾಗಿ ಊರಿನಿಂದ ಬಂದವರ ಜೊತೆ ಆಸ್ಪತ್ರೆಗೆ ಹೋಗಿ, ಕೇಳಿದ್ದನ್ನು ಕೇಳಿದಂತೆ, ಹೇಳಿದ್ದನ್ನು ಹೇಳಿದಂತೆ ದಾಟಿಸಬಲ್ಲ ನಾಲ್ಕು ಮಂದಿ ತರುಣರು ಸಂಘದಲ್ಲಿ ಮುಂದೆ ಬಂದರೆ ಇನ್ನೂ ಒಳ್ಳೆಯದು. ಹೊರನಾಡಿನಲ್ಲಿ ಕನ್ನಡವನ್ನು ಉಳಿಸಬೇಕೆಂದು ನಾವು ವರ್ಷವರ್ಷವೂ ಹೇಳುತ್ತೇವೆ. ಕನ್ನಡದಿಂದ ಒಂದು ಜೀವ ಉಳಿಯುವ ಸಂದರ್ಭವೂ ಉಂಟೆಂಬುದನ್ನು ಇದರ ಜೊತೆಗೆ ನೆನೆಯೋಣ.